ಮೈ ಮೇಲಿನ ಬಿಸಿ ನೋಡಿ ಎದೆ ಒಳಗಿನ ಗಂಟು ಹೇಳಕ್ಕಾಗುತ್ತಾ? ದೊಡ್ಡಮ್ಮನ ರಿಪೋರ್ಟು, ನನ್ನ ಪಿಎಚ್‌ಡಿ, ಎರಡೂ ಸಿಕ್ಕಾಕ್ಕೊಂಡಿದೆ

ಬದುಮೇಲಿನ_ಹುಡ್ಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಾನು ಮಂಡ್ಯ ಕಡೆಯೋನು, ಮಾನಸಗಂಗೋತ್ರೀಲಿ ಮ್ಯಾಥ್ಸ್ ಪಿಎಚ್‌ಡಿ ಎರಡನೇ ವರ್ಷ. ಟಾಪಿಕ್ಕು ಬೌಂಡರಿ ವ್ಯಾಲ್ಯೂ ಪ್ರಾಬ್ಲಂ. ಊರಲ್ಲಿ ಏನಪ್ಪಾ ಓದ್ತಿರೋದು ಅಂತ ಕೇಳಿದೋರಿಗೆ ಒಂದ್ಸಲ 'ಗಡಿ ಸಮಸ್ಯೆ' ಅಂದ್ಬಿಟ್ಟೆ, ಅವತ್ತಿಂದ ಪಕ್ಕದ ಗದ್ದೆಯೋರ ಜೊತೆ ನಮ್ಮಪ್ಪಂಗಿರೋ ಬದುವಿನ ಕೇಸು ನಾನೇ ನಡೆಸ್ತಿದೀನಿ ಅಂತ ಅರ್ಧ ಊರು ನಂಬ್ಕೊಂಡಿದೆ. ಗೊತ್ತಿಲ್ದೋರಿಗೆ ಒಂದು ಮಾತು: ಒಂದು ವಸ್ತುವಿನ ಅಂಚಲ್ಲಿ ಏನಾಗ್ತಿದೆ ಅಂತ ಗೊತ್ತಿದ್ರೆ ಒಳಗಡೆ ಏನಾಗ್ತಿದೆ ಅಂತ ಲೆಕ್ಕ ಹಾಕೋದು, ಅಷ್ಟೇ. ಅಂಚಿನ ಟೆಂಪರೇಚರ್ ಕೊಟ್ರೆ ಡಿರಿಕ್ಲೆ, ಅಂಚಿಂದ ಎಷ್ಟು ಬಿಸಿ ಆಚೆ ಹೋಗ್ತಿದೆ ಅಂತ ಕೊಟ್ರೆ ನ್ಯೂಮನ್, ಎರಡನ್ನೂ ಬೆರೆಸಿ ಕೊಟ್ರೆ ರಾಬಿನ್.

ಈಗ ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ನಮ್ಮೂರ ಹತ್ರದ ಕಲ್ಯಾಣ ಮಂಟಪದಲ್ಲಿ ಸ್ತನ ಕ್ಯಾನ್ಸರ್ ತಪಾಸಣೆ ಅಂತ ಒಂದು ಫ್ರೀ ಕ್ಯಾಂಪ್ ಆಯ್ತು, ಯಾರು ಮಾಡಿದ್ದು ಅನ್ನೋದು ಬೇಡ. ನಮ್ಮ ದೊಡ್ಡಮ್ಮ ಹೋಗಿದ್ರು, 52 ವರ್ಷ ಅವರಿಗೆ. ಪಕ್ಕದ ರೂಮಲ್ಲಿ ಹತ್ತು ನಿಮಿಷ ಕೂರ್ಸಿ ಥರ್ಮಲ್ ಕ್ಯಾಮೆರಾ (ಮೈ ಮೇಲಿನ ಬಿಸೀನ ಬಣ್ಣದಲ್ಲಿ ತೋರಿಸೋದು) ಹಿಡಿದು ಕೆಂಪು ಹಳದಿ ನೀಲಿ ಬಣ್ಣದ ಒಂದು ಪ್ರಿಂಟ್ ಕೊಟ್ಟು 'ನಾರ್ಮಲ್, ಆರ್ ತಿಂಗಳು ಬಿಟ್ಟು ಬನ್ನಿ' ಅಂತ ಬರ್ದಿದಾರೆ. ದೊಡ್ಡಮ್ಮ ಖುಷಿಯಾಗಿ ಅದನ್ನ ಗ್ಯಾಸ್ ಬುಕ್ಕಿನ ಜೊತೆ ಭದ್ರವಾಗಿ ಇಟ್ಟಿದಾರೆ. ಆದ್ರೆ ಮೊನ್ನೆ ಅಮ್ಮನ ಹತ್ರ ಮಾತಾಡ್ತಾ ಬಾಯಿಬಿಟ್ರಂತೆ, ಎಡಗಡೆ ಎದೇಲಿ ಹುಣಸೆಬೀಜದಷ್ಟು ಒಂದು ಗಂಟು ನಾಲ್ಕು ತಿಂಗಳಿಂದ ಇದೆಯಂತೆ, ನೋವಿಲ್ಲ ಅಂತ ಸುಮ್ನಿದ್ರಂತೆ. ಕ್ಯಾಂಪಲ್ಲಿ ಯಾಕೆ ಹೇಳ್ಲಿಲ್ಲ ಅಂದ್ರೆ ಟೇಬಲ್ ಹತ್ರ ಬರೀ ಗಂಡಸ್ರೇ ಇದ್ರು, ಯಾರೂ ಕೇಳ್ಲೂ ಇಲ್ಲ, ಹೆಂಗ್ ಹೇಳ್ಲಿ ಅಂದ್ರು.

ಆ ಬಣ್ಣದ ಚಿತ್ರ ನೋಡಿದಾಗಿಂದ ನಂಗೆ ನಿದ್ದೆ ಇಲ್ಲ. ಯಾಕಂದ್ರೆ ಅದು ನನ್ನ ಎರಡನೇ ಚಾಪ್ಟರು! ಚರ್ಮ ಅಂಚು, ಅಲ್ಲಿನ ಬಿಸಿ ಬೌಂಡರಿ ಡೇಟಾ, ಗಂಟು ಒಳಗಿರೋ ಹೀಟ್ ಸೋರ್ಸು. ಕೇಳಬೇಕಾಗಿರೋದು ಎರಡು. ಆ 'ನಾರ್ಮಲ್' ಅನ್ನೋದನ್ನ ಎಷ್ಟು ನಂಬಬಹುದು? ಮತ್ತೆ ಇದನ್ನೇ ರಿಸರ್ಚಾಗಿ ತಗೊಂಡ್ರೆ ಏನಾದ್ರೂ ಪ್ರಯೋಜನ ಇದ್ಯಾ, ಗೈಡ್ ಕೇಳಿದ್ರೆ ಒಳ್ಳೆ ಟಾಪಿಕ್ಕಪ್ಪ ಆದ್ರೆ ಡೇಟಾ ಎಲ್ಲಿಂದ ತರ್ತೀಯ ಅಂತಾರೆ.

ಕಬ್ಬಿನಗದ್ದೆ:

ಲೋ ತಮ್ಮ, ಆ ಪಿಎಚ್‌ಡಿ ಎಲ್ಲೂ ಓಡೋಗಲ್ಲ, ಮೊದ್ಲು ದೊಡ್ಡವ್ವನ್ನ ಕರ್ಕೊಂಡು ಆಸ್ಪತ್ರೆಗೆ ಓಗು. ಮುದ್ದೇಲಿ ಗಂಟ್ ಐತೋ ಇಲ್ವೋ ಅಂತ ಮೇಲಿನ್ ಬಿಸಿ ನೋಡಿ ಯಾರಾದ್ರೂ ಏಳಿದ್ದು ನೋಡಿದೀಯೇನ್ಲಾ? ಅದುಮಿ ನೋಡ್ಬೇಕು, ಇಲ್ಲಾ ಮುರ್ದು ನೋಡ್ಬೇಕು. ನಮ್ ಅತ್ತೆ ಇಂಗೇ ನೋವಿಲ್ಲ ನೋವಿಲ್ಲ ಅಂತ ಒಂದೂವರೆ ವರ್ಸ ಸುಮ್ಕಿದ್ರು, ಬೆಂಗ್ಳೂರು ಕಿದ್ವಾಯಿಗೆ ಓಗೋ ಒತ್ಗೆ ಕಂಕುಳಿಗೂ ಬಂದ್ಬಿಟ್ಟಿತ್ತು. ನೋವಿಲ್ದಿರೋ ಗಂಟೇ ಮೊದ್ಲು ತೋರಿಸ್ಬೇಕು ಅಂತ ಅವತ್ತು ಡಾಕ್ಟ್ರು ಬೈದಿದ್ದು ಇವತ್ತೂ ಕಿವೀಲೈತೆ.

ಲೆಕ್ಕದ_ಮೇಷ್ಟ್ರು:

ಕಬ್ಬಿನಗದ್ದೆಯವರು ಹೇಳಿದ್ದಕ್ಕೆ ನನ್ನ ಸಹಿ. ಮುದ್ದೆ ಉದಾಹರಣೆ ನಾನು ಮೂವತ್ತು ವರ್ಷ ಪಾಠ ಮಾಡಿದ್ರೂ ಹೊಳೀಲಿಲ್ಲ, ಇನ್ಮೇಲೆ ಕದೀತೀನಿ.

ಈಗ ನಿನ್ನ ಲೆಕ್ಕ. ದೇಹದೊಳಗಿನ ಬಿಸಿಗೆ ಎಲ್ಲರೂ ಹಿಡಿಯೋದು ಪೆನ್ನೆಸ್ ಸಮೀಕರಣ ಅಲ್ವಾ, 1948ರಲ್ಲಿ ಆತ ಮುಂಗೈಗೆ ಥರ್ಮೋಕಪಲ್ ಅನ್ನೋ ಬಿಸಿ ಅಳೆಯೋ ತಂತಿ ಚುಚ್ಚಿ ಅಳೆದು ಬರೆದದ್ದು. ಅದರಲ್ಲಿ ಬಿಸಿ ಹರಡೋದು ಒಂದು ಪದ (ಟರ್ಮ್), ರಕ್ತ ಬಂದು ಬಿಸಿ ತಂದು ಅಥವಾ ಒಯ್ದು ಹೋಗೋದು ಒಂದು ಪದ, ಜೀವಕೋಶ ತಾನೇ ಹುಟ್ಟಿಸೋ ಬಿಸಿ ಇನ್ನೊಂದು. ಗೆಡ್ಡೆ ಇರೋ ಕಡೆ ರಕ್ತ ಜಾಸ್ತಿ ಹರಿಯುತ್ತೆ, ಮೆಟಬಾಲಿಸಂ ಜಾಸ್ತಿ, ಅದಕ್ಕೇ ಬಿಸಿ, ಅಲ್ಲೀವರೆಗೂ ಯಾರದೂ ತಕರಾರಿಲ್ಲ. 1956ರಲ್ಲಿ ಮಾಂಟ್ರಿಯಲ್‌ನ ಲಾಸನ್ ಅನ್ನೋ ಡಾಕ್ಟರು ಗೆಡ್ಡೆ ಇರೋ ಕಡೆ ಚರ್ಮ ಬಿಸಿ ಇರುತ್ತೆ ಅಂತ ತೋರಿಸಿದಾಗಿಂದ ಈ ಆಸೆ ಜೀವಂತವಾಗಿದೆ.

ತೊಂದರೆ ಇರೋದು ಹಿಂದಕ್ಕೆ ಬರೋದ್ರಲ್ಲಿ. ಒಳಗಿನ ಮೂಲ ಗೊತ್ತು, ಚರ್ಮದ ಬಿಸಿ ಹೇಳು ಅಂದ್ರೆ ಕೂತ್ಕೊಂಡು ಮಾಡ್ಬಹುದು, ಒಂದೇ ಉತ್ತರ, ಸ್ಥಿರವಾದ ಉತ್ತರ. ಚರ್ಮದ ಬಿಸಿ ಗೊತ್ತು, ಒಳಗಿನ ಮೂಲ ಹೇಳು ಅಂದ್ರೆ ಕಥೆನೇ ಬೇರೆ. ಒಂದು ಸಣ್ಣ ಸಾಧನೆ ಮಾಡಿ ನೋಡು, ನೋಟ್ ಬುಕ್ಕಲ್ಲಿ ನಾಲ್ಕು ಸಾಲು ಸಾಕು. ಅಂಚಿನ ಹತ್ರ ಪೂರ್ತಿ ಸೊನ್ನೆಯಾಗಿರೋ, ಒಳಗೆ ಮಾತ್ರ ಉಬ್ಬಿರೋ ಯಾವುದಾದ್ರೂ ನಯವಾದ ಫಂಕ್ಷನ್ ತಗೋ. ಅದನ್ನ ನಿನ್ನ ಟೆಂಪರೇಚರಿಗೆ ಕೂಡಿಸು. ಸಮೀಕರಣಕ್ಕೆ ಹಾಕಿದ್ರೆ ಮೂಲ ಬದಲಾಗುತ್ತೆ, ಆದ್ರೆ ಅಂಚಲ್ಲಿ ಬಿಸಿನೂ ಅದೇ, ಆಚೆ ಹೋಗೋ ಶಾಖವೂ ಅದೇ. ಅಂದ್ರೆ ಒಂದೇ ಚರ್ಮದ ಚಿತ್ರಕ್ಕೆ ಒಳಗೆ ಎಣಿಸಲಾರದಷ್ಟು ಬೇರೆ ಬೇರೆ ಕಥೆ ಹೊಂದುತ್ತೆ. ಆಳದಲ್ಲಿರೋ ಸಣ್ಣ ಬಿಸಿ ಗಂಟು, ಮೇಲೇ ಇರೋ ಅಗಲವಾದ ಬೆಚ್ಚಗಿನ ಜಾಗ, ಎರಡೂ ಆಚೆಯಿಂದ ಒಂದೇ ಥರ. ಆಲೆಮನೇಲಿ ಒಲೆ ಗೋಡೆಗೆ ಆಚೆಯಿಂದ ಕೈ ಇಟ್ರೆ ಒಳಗೆ ಬೆಂಕಿ ಇದೆ ಅಂತ ಗೊತ್ತಾಗುತ್ತೆ, ಯಾವ ಸಿಬರು ಎಲ್ಲಿ ಉರೀತಿದೆ ಅಂತ ಗೊತ್ತಾಗಲ್ಲ.

ಇನ್ನೊಂದು, ಇದು ಇದಕ್ಕಿಂತ ಕೆಟ್ಟದ್ದು. ಹ್ಯಾಡಮರ್ಡ್ ಅನ್ನೋ ಗಣಿತಜ್ಞ 1902ರಲ್ಲೇ ಹೇಳಿದ್ದ, ಸಮಸ್ಯೆ ಸರಿಯಾಗಿ ಕೂತಿದೆ ಅನ್ಬೇಕಾದ್ರೆ ಉತ್ತರ ಇರಬೇಕು, ಒಂದೇ ಇರಬೇಕು, ಡೇಟಾ ಚೂರು ಅಲ್ಲಾಡಿದ್ರೆ ಉತ್ತರ ಚೂರೇ ಅಲ್ಲಾಡ್ಬೇಕು. ಈ ಮೂರನೆಯದು ಇಲ್ಲಿ ಹಳ್ಳ ಹಿಡಿಯುತ್ತೆ. ರಕ್ತದ ಪದ ಬಿಟ್ಟು ಬಿಸಿ ಹರಡೋದು ಮಾತ್ರ ಇರೋ ಲ್ಯಾಪ್ಲಾಸ್ ಸಮೀಕರಣ ತಗೊಂಡ್ರೂ ಸಾಕು. 1 ಸೆಂಟಿಮೀಟರ್ ಅಲೆಯಷ್ಟು ಸಣ್ಣ ವಿವರ 1 ಸೆಂಟಿಮೀಟರ್ ಆಳದಿಂದ ಮೇಲಕ್ಕೆ ಬರೋ ಹೊತ್ತಿಗೆ ಸುಮಾರು 535ರಲ್ಲಿ ಒಂದು ಭಾಗ ಉಳಿಯುತ್ತೆ. ಅದೇ ವಿವರ 3 ಸೆಂಟಿಮೀಟರ್ ಆಳದಲ್ಲಿದ್ರೆ ಹದಿನೈದು ಕೋಟಿಯಲ್ಲಿ ಒಂದು ಭಾಗ. ಒಳ್ಳೆ ಥರ್ಮಲ್ ಕ್ಯಾಮೆರಾ ಗುರುತಿಸೋದು 0.05 ಡಿಗ್ರಿ ಆಸುಪಾಸಿನ ವ್ಯತ್ಯಾಸ. ಈಗ ನೀನೇ ಹೇಳು. ಒಟ್ಟಾರೆ ಬಿಸಿ ಜಾಸ್ತಿ ಅನ್ನೋದು ಮೇಲಕ್ಕೆ ಬರುತ್ತೆ, ಆಕಾರ ವಿವರ ಬರಲ್ಲ, ಬರದೇ ಇರೋದನ್ನ ಗುಣಿಸಿ ವಾಪಸ್ ತರಕ್ಕೆ ಹೋದ್ರೆ ಕ್ಯಾಮೆರಾದ ಗದ್ದಲ ಕೋಟಿ ಪಟ್ಟು ಜಾಸ್ತಿ ಆಗುತ್ತೆ.

ಅಂದಹಾಗೆ ಆ ರೂಮಲ್ಲಿ ಫ್ಯಾನ್ ಓಡ್ತಿತ್ತಾ?

ಬದುಮೇಲಿನ_ಹುಡ್ಗ:

ಕಬ್ಬಿನಗದ್ದೆ ಅಣ್ಣ, ನಾಳೆನೇ ಊರಿಗೆ ಹೋಗ್ತೀನಿ, ಅಮ್ಮ ಆಗ್ಲೇ ದೊಡ್ಡಮ್ಮನ ಹತ್ರ ಮಾತಾಡಿದಾರೆ.

ಸಾರ್, ಕೇಳಿದೆ, ಟೇಬಲ್ ಫ್ಯಾನ್ ಇತ್ತಂತೆ, ಸೆಕೆ ಅಂತ ದೊಡ್ಡಮ್ಮನೇ ತಮ್ಮ ಕಡೆ ತಿರುಗಿಸ್ಕೊಂಡಿದ್ರಂತೆ 😐 ರಾಬಿನ್ ಕಂಡಿಶನ್ನಿನ ಕೋಎಫಿಷಿಯೆಂಟೇ (ಚರ್ಮದಿಂದ ಗಾಳಿಗೆ ಬಿಸಿ ಹೋಗೋ ದರ) ಹೋಯ್ತು ಅಂದ್ರೆ. ಎಡಕ್ಕೂ ಬಲಕ್ಕೂ ಗಾಳಿ ಒಂದೇ ಥರ ಬಿದ್ದಿರಕ್ಕೂ ಸಾಧ್ಯ ಇಲ್ಲ, ಅವರು ಹೋಲಿಸಿ ನೋಡೋದೇ ಎಡ ಬಲ.

ಒಂದು ಪೆದ್ದ ಪ್ರಶ್ನೆ. ಹಂಗಾದ್ರೆ ಮ್ಯಾಮೊಗ್ರಾಂ, ಅದೇ ಸ್ತನದ ಎಕ್ಸ್‌ರೇ, ಹೆಂಗೆ ಕೆಲ್ಸ ಮಾಡುತ್ತೆ, ಅದೂ ಆಚೆಯಿಂದಾನೇ ಅಲ್ವಾ ಅಳೆಯೋದು?

ಲೆಕ್ಕದ_ಮೇಷ್ಟ್ರು:

ಪೆದ್ದ ಪ್ರಶ್ನೆ ಅಲ್ಲ, ಇಡೀ ವಿಷಯದ ಕೀಲಿ ಇದೇ. ಎಕ್ಸ್‌ರೇ ನೆಟ್ಟಗೆ ಹೋಗುತ್ತೆ, ಬಿಸಿ ಅಂಡಲೆಯುತ್ತೆ. ಎಕ್ಸ್‌ರೇ ಒಂದು ಗೆರೆ ಮೇಲೆ ಸಾಗ್ತಾ ದಾರೀಲಿ ಎಷ್ಟು ಹೀರಿಕೊಂಡಿತು ಅನ್ನೋ ಮೊತ್ತ ಹೊತ್ಕೊಂಡು ಆಚೆ ಬರುತ್ತೆ, ಯಾವ ಗೆರೆ ಅಂತ ನಮಗೆ ಗೊತ್ತು. ಗೆರೆ ಮೇಲಿನ ಮೊತ್ತಗಳಿಂದ ಒಳಗಿನದನ್ನ ವಾಪಸ್ ಪಡೆಯಬಹುದು ಅಂತ ರಾಡಾನ್ ಅನ್ನೋ ಗಣಿತಜ್ಞ 1917ರಲ್ಲೇ ಸಾಧಿಸಿಬಿಟ್ಟಿದ್ದ, ಆಗ ಅದಕ್ಕೂ ಆಸ್ಪತ್ರೆಗೂ ಸಂಬಂಧವೇ ಇರ್ಲಿಲ್ಲ, ಸಿ.ಟಿ. ಸ್ಕ್ಯಾನ್ ಬಂದಿದ್ದು 1970ರ ದಶಕದಲ್ಲಿ. ಅಲ್ಲೂ ಗದ್ದಲ ಜಾಸ್ತಿಯಾಗುತ್ತೆ, ಆದ್ರೆ ಸಾಧುವಾಗಿ. ಬಿಸಿಯಲ್ಲಿ ಆಗೋ ಹಂಗೆ ಘಾತದಲ್ಲಿ ಅಲ್ಲ.

ವಿ.ಸಿ. ನಾಲೆ ನೆನಪಿಸ್ಕೋ. ನಾಲೇಲಿ ನೀರು ಹರಿದು ಯಾವ ತೂಬಿಂದ ಎಷ್ಟು ಬಂತು ಅಂತ ಲೆಕ್ಕ ಇಡಬಹುದು. ಅದೇ ನಾಲೆಯಿಂದ ಜೌಗು ಹಿಡಿದು ಗದ್ದೆ ನೆನೆದಿದ್ರೆ ನಾಲೆಯ ಯಾವ ಕಲ್ಲಿನ ಸಂದಿಂದ ಒಸರಿದ್ದು ಅಂತ ಬದು ಮೇಲೆ ನಿಂತು ಹೇಳು ನೋಡೋಣ.

ಫಿಲ್ಮ್_ತೊಳೆದೋಳು:

ಮೇಷ್ಟ್ರು ಹೇಳಿದ್ದು ಅರ್ಧ ಅರ್ಥ ಆಯ್ತು ಸಾರ್ 😄 ನಾನು ಮೈಸೂರಲ್ಲಿ ರೇಡಿಯಾಲಜಿ ಟೆಕ್ನಿಷಿಯನ್, ಇಪ್ಪತ್ತೆರಡು ವರ್ಷ ಸರ್ವಿಸು, ಡಾರ್ಕ್ ರೂಮಲ್ಲಿ ಫಿಲ್ಮ್ ತೊಳೆಯೋ ಕಾಲದಿಂದ ಇದೀನಿ. ನಾನು ಡಾಕ್ಟರ್ ಅಲ್ಲ, ಕಣ್ಣಾರೆ ಕಂಡಿದ್ದು ಹೇಳ್ತೀನಿ.

ತಮ್ಮಾ, ಮೊದಲ್ನೇದಾಗಿ ನಿಮ್ಮ ದೊಡ್ಡಮ್ಮಂಗೆ ಈಗ ಬೇಕಾಗಿರೋದು ಸ್ಕ್ರೀನಿಂಗ್ ಅಲ್ಲ. ಸ್ಕ್ರೀನಿಂಗ್ ಅಂದ್ರೆ ಏನೂ ತೊಂದ್ರೆ ಇಲ್ಲದ ಹೆಂಗಸ್ರನ್ನ ಸಾಲಾಗಿ ನೋಡೋದು. ಕೈಗೆ ಗಂಟು ಸಿಕ್ಕಿದ ಮೇಲೆ ಅದು ಡಯಾಗ್ನೋಸಿಸ್, ದಾರಿನೇ ಬೇರೆ: ಡಾಕ್ಟ್ರು ಮುಟ್ಟಿ ನೋಡ್ತಾರೆ, ಮ್ಯಾಮೊಗ್ರಾಂ ಜೊತೆಗೆ ಅಲ್ಟ್ರಾಸೌಂಡ್ ಬರೀತಾರೆ, ಅನುಮಾನ ಇದ್ರೆ ಸೂಜಿ ಹಾಕಿ ತುಣುಕು ತೆಗೆದು ಬಯಾಪ್ಸಿಗೆ ಕಳಿಸ್ತಾರೆ. ಮೂರೂ ಒಂದಕ್ಕೊಂದು ತಾಳೆ ಆಗ್ಬೇಕು. ಮ್ಯಾಮೊಗ್ರಾಂ ಕ್ಲಿಯರ್ ಅಂತ ಬಂದ್ರೂ ಗಂಟು ಕೈಗೆ ಸಿಕ್ತಿದ್ರೆ ಬಿಡಲ್ಲ, ಯಾಕಂದ್ರೆ ಮ್ಯಾಮೊಗ್ರಾಂಗೂ ತಪ್ಪುತ್ತೆ, ವಯಸ್ಸು ಕಮ್ಮಿ ಇರೋರಲ್ಲಿ ಎದೆ ಭಾಗ ದಟ್ಟ ಇರುತ್ತೆ, ಇಡೀ ಚಿತ್ರ ಬೆಳ್ಳಗೆ, ಗಂಟೂ ಬೆಳ್ಳಗೆ, ಮಂಜಲ್ಲಿ ಬಿಳಿ ಹಸು ಹುಡುಕ್ದಂಗೆ. ಅದಕ್ಕೇ ಅಂಥೋರಿಗೆ ಅಲ್ಟ್ರಾಸೌಂಡು.

ಎರಡನೇದು, ಮ್ಯಾಮೊಗ್ರಾಂ ಅಂದ್ರೆ ಹೆದರಿಸ್ಬೇಡಿ ಅವರನ್ನ. ಎರಡು ಪ್ಲೇಟ್ ಮಧ್ಯೆ ಕೆಲವು ಸೆಕೆಂಡ್ ಒತ್ತುತೀವಿ, ಒಂದೊಂದು ಕಡೆಗೆ ಎರಡೆರಡು ಚಿತ್ರ, ಮೇಲಿಂದ ಒಂದು ಓರೆಯಾಗಿ ಒಂದು, ಒಟ್ಟು ನಾಲ್ಕು. ಒತ್ತೋದು ಯಾಕೆ ಅಂದ್ರೆ ಒಂದ್ರ ಮೇಲೊಂದು ಬಿದ್ದಿರೋದು ಹರಡಿಕೊಳ್ಳುತ್ತೆ, ಅಲ್ಲಾಡಲ್ಲ, ಕಿರಣನೂ ಕಮ್ಮಿ ಸಾಕಾಗುತ್ತೆ. ರೇಡಿಯೇಶನ್ ಅಂತ ಭಯ ಪಡೋರಿಗೆ ನಾನು ಹೇಳೋದು, ಒಂದ್ಸಲಕ್ಕೆ ಸುಮಾರು 0.4 ಮಿಲಿಸೀವರ್ಟು, ಭೂಮಿ ಆಕಾಶದಿಂದ ಸುಮ್ನೆ ಕೂತಿದ್ರೂ ವರ್ಷಕ್ಕೆ 2.4 ಆಸುಪಾಸು ಬರುತ್ತೆ, ಅಂದ್ರೆ ಎಂಟೊಂಬತ್ತು ವಾರದ್ದು. ಹೋಗೋ ದಿನ ಪೌಡರು, ಸೆಂಟು, ಕಂಕುಳಿಗೆ ಹಚ್ಚೋದು ಯಾವ್ದೂ ಬೇಡ, ಅದ್ರ ಕಣ ಚಿತ್ರದಲ್ಲಿ ಸುಣ್ಣದ ಚುಕ್ಕೆ ಥರ ಕಾಣುತ್ತೆ. ಆ ಸುಣ್ಣದ ಚುಕ್ಕೆನೇ ನಾವು ಹುಡುಕೋದು ಕಣ್ರೀ, ಅರ್ಧ ಮಿಲಿಮೀಟರಿಗಿಂತ ಸಣ್ಣವು, ಗುಂಪಾಗಿ ಇದ್ರೆ ಗಂಟು ಕೈಗೆ ಸಿಗೋ ಎಷ್ಟೋ ಮುಂಚೆನೇ ಗೊತ್ತಾಗ್ಬಹುದು. ಅಷ್ಟು ಸಣ್ಣದ್ದಕ್ಕೆ ಬಿಸಿನೂ ಇಲ್ಲ ಏನೂ ಇಲ್ಲ, ಯಾವ ಬಣ್ಣದ ಕ್ಯಾಮೆರಾಕ್ಕೂ ಕಾಣಲ್ಲ.

ಸೀರೆ ಉಟ್ಟು ಬಂದ್ರೆ ಒಳ್ಳೇದು, ಮೇಲಿನ ಭಾಗ ಮಾತ್ರ ಬಿಚ್ಚಿದ್ರೆ ಆಯ್ತು. ಟೆಕ್ನಿಷಿಯನ್ ಹೆಂಗಸರಿದಾರಾ ಅಂತ ಮುಂಚೆನೇ ಫೋನ್ ಮಾಡಿ ಕೇಳ್ಕೊಳ್ಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. ರಿಪೋರ್ಟಲ್ಲಿ ಬೈ-ರಾಡ್ಸ್ ಅಂತ ಒಂದು ನಂಬರ್ ಇರುತ್ತೆ, ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ಲ, ಇನ್ನೂ ಚಿತ್ರ ಬೇಕು ಅಂತ! ಇದನ್ನ ತಪ್ಪು ತಿಳ್ಕೊಂಡು ಮನೇಲಿ ಕೂತೋರನ್ನ ನೋಡಿದೀನಿ. 4 ಅಂದ್ರೆ ಅನುಮಾನ ಇದೆ, ಬಯಾಪ್ಸಿ ಮಾಡಿಸಿ ಅಂತ, ಕ್ಯಾನ್ಸರ್ ಅಂತಲೇ ಅಲ್ಲ.

ಹೆಬ್ಬಾಳ_ಟೆಕ್ಕಿ:

ಎಲ್ರೂ ಥರ್ಮಲ್‌ನ ಇಷ್ಟೊಂದು ಬೈಬೇಡಿ ಗುರು. ನಾನು ಇಲ್ಲೇ ಹೆಬ್ಬಾಳದಲ್ಲಿ ಸಾಫ್ಟ್‌ವೇರ್. ಈಗ ಎಐ ಬಂದಿದೆ, ಮೇಷ್ಟ್ರು ಹೇಳೋ ಇನ್ವರ್ಸ್ ಪ್ರಾಬ್ಲಂ (ಚರ್ಮದ ಬಿಸಿಯಿಂದ ಒಳಗಿನದಕ್ಕೆ ಹಿಂದಕ್ಕೆ ಬರೋ ಲೆಕ್ಕ) ಸಾಲ್ವ್ ಮಾಡೋ ಅಗತ್ಯನೇ ಇಲ್ಲ, ಸಾವಿರಾರು ಚಿತ್ರ ತಿನ್ನಿಸಿದ್ರೆ ಪ್ಯಾಟರ್ನ್ ಅದೇ ಕಲಿಯುತ್ತೆ. ಬ್ರೋಷರ್ ಒಂದ್ರಲ್ಲಿ 90 ಪರ್ಸೆಂಟ್ ಅಕ್ಯುರೆಸಿ ಅಂತ ಇತ್ತು. ಹಳ್ಳಿಗೆ ಮ್ಯಾಮೊಗ್ರಾಂ ಮಷೀನ್ ತರಕ್ಕಾಗುತ್ತಾ? ಕ್ಯಾಮೆರಾ ಬ್ಯಾಗಲ್ಲಿ ಹಾಕ್ಕೊಂಡ್ ಹೋಗ್ಬಹುದು, ಮುಟ್ಟೋ ಹಂಗಿಲ್ಲ, ಒತ್ತೋ ಹಂಗಿಲ್ಲ, ರೇಡಿಯೇಶನ್ ಇಲ್ಲ. ಏನೂ ಇಲ್ಲದ್ದಕ್ಕಿಂತ ಇದು ವಾಸಿ ಅಲ್ವಾ?

ಲೆಕ್ಕದ_ಮೇಷ್ಟ್ರು:

ಟೆಕ್ಕಿ ಅವರೇ, ಹಳ್ಳಿಗೆ ಮಷೀನ್ ಬರಲ್ಲ ಅನ್ನೋ ನಿಮ್ಮ ಮಾತು ನಿಜ, ಅದನ್ನ ಒಪ್ತೀನಿ. ಉಳಿದದ್ದು ಒಪ್ಪಲ್ಲ.

ಅಂಚು ಕೊಡದ ಮಾಹಿತೀನ ಎಐ ಹುಟ್ಟಿಸಲ್ಲ. ಅದು ಬೇರೆ ಹೆಂಗಸರ ಚಿತ್ರಗಳಿಂದ ಊಹೆ ತಂದು ಆ ತೂತಿಗೆ ತುಂಬುತ್ತೆ. 1963ರಲ್ಲಿ ಟಿಖೊನೊವ್ ಮಾಡಿದ್ದೂ ಅದೇ ಜಾತಿ ಕೆಲಸ, ಉತ್ತರ ನಯವಾಗಿರುತ್ತೆ ಅಂತ ಮೊದಲೇ ನಂಬ್ಕೊಂಡು ಸಮಸ್ಯೆಯನ್ನ ಹದಕ್ಕೆ ತಂದಿದ್ದು. ಅದರಲ್ಲಿ ತಪ್ಪಿಲ್ಲ, ಆದ್ರೆ ನಂಬಿಕೆ ಯಾವುದು ಅಂತ ಆತ ಬರೆದಿಟ್ಟಿದ್ದ. ನಿಮ್ಮ ಪೆಟ್ಟಿಗೆ ಒಳಗಿನ ನಂಬಿಕೆ ಯಾರದ್ದು, ಯಾವ ಊರಿನ ಯಾವ ವಯಸ್ಸಿನ ಹೆಂಗಸರದ್ದು, ಆಗ ಫ್ಯಾನ್ ಓಡ್ತಿತ್ತಾ, ಅದನ್ನ ಕೇಳಿ.

ಇನ್ನು 90 ಪರ್ಸೆಂಟು. ಸುಮ್ನೆ ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಸಾವಿರ ಹೆಂಗಸರು, ಅದರಲ್ಲಿ ಐದು ಜನಕ್ಕೆ ಕಾಯಿಲೆ. ಇರೋರಲ್ಲಿ ನೂರಕ್ಕೆ 80 ಹಿಡಿಯೋ, ಇಲ್ಲದೋರಲ್ಲಿ ನೂರಕ್ಕೆ 90 ಜನರನ್ನ ಸರಿಯಾಗಿ ಬಿಡೋ ಪರೀಕ್ಷೆ. ಐದರಲ್ಲಿ ನಾಲ್ಕು ಸಿಕ್ತು, ಒಬ್ಬಾಕೆ 'ನಾರ್ಮಲ್' ಚೀಟಿ ಹಿಡ್ಕೊಂಡು ಮನೆಗೆ ಹೋದ್ಲು. ಉಳಿದ 995ರಲ್ಲಿ ಸುಮಾರು ನೂರು ಜನಕ್ಕೆ ಸುಮ್ಸುಮ್ನೆ ಕೆಂಪು ಚೀಟಿ. ಅಂದ್ರೆ ಕೆಂಪು ಚೀಟಿ ಬಂದ ನೂರಾ ನಾಲ್ಕು ಜನದಲ್ಲಿ ನಾಲ್ಕೇ ಜನಕ್ಕೆ ನಿಜವಾದ ಕಾಯಿಲೆ. ಈಗ ತಮಾಷೆ ನೋಡಿ, ಎಲ್ಲರಿಗೂ ಕಣ್ಣು ಮುಚ್ಚಿ 'ನಾರ್ಮಲ್' ಅಂತ ಬರೆದುಕೊಟ್ರೆ 99.5 ಪರ್ಸೆಂಟ್ ಅಕ್ಯುರೆಸಿ! ಬ್ರೋಷರ್ ನಂಬರಿಗೆ ಅಷ್ಟೇ ಬೆಲೆ.

ಏನೂ ಇಲ್ಲದ್ದಕ್ಕಿಂತ ವಾಸಿ ಅನ್ನೋದನ್ನೂ ಒಪ್ಪಲ್ಲ. ಏನೂ ಇಲ್ಲದಿದ್ರೆ ಆಕೆ ಅನುಮಾನದಲ್ಲಾದ್ರೂ ಇರ್ತಿದ್ರು, ಈಗ ಗ್ಯಾಸ್ ಬುಕ್ಕಿನ ಜೊತೆ ಧೈರ್ಯ ಇಟ್ಕೊಂಡಿದಾರೆ. ಅಮೆರಿಕದಲ್ಲಿ 1973ರಲ್ಲಿ ಶುರುವಾದ ದೊಡ್ಡ ಸ್ತನ ಕ್ಯಾನ್ಸರ್ ಪತ್ತೆ ಯೋಜನೇಲಿ ಥರ್ಮೋಗ್ರಫಿನೂ (ಇದೇ ಬಿಸಿಯ ಚಿತ್ರ) ಇತ್ತು, ಸರಿಯಾಗಿ ಹಿಡೀತಿಲ್ಲ ಅಂತ ಕೆಲವೇ ವರ್ಷದಲ್ಲಿ ಕೈಬಿಟ್ರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ, ಮತ್ತೆ 2019ರಲ್ಲಿ, ಇದು ಮ್ಯಾಮೊಗ್ರಾಂಗೆ ಬದಲಿ ಅಲ್ಲ ಅಂತ ಜನಕ್ಕೆ ಎಚ್ಚರಿಕೆನೇ ಕೊಡ್ತು.

ಫಿಲ್ಮ್_ತೊಳೆದೋಳು:

ಎಐ ಮೇಲೆ ನಂಗೇನೂ ಕೋಪ ಇಲ್ಲ ಟೆಕ್ಕಿ ತಮ್ಮಾ. ಸ್ವೀಡನ್ನಲ್ಲಿ 80 ಸಾವಿರ ಹೆಂಗಸರ ಮ್ಯಾಮೊಗ್ರಾಂನ ಎಐ ಜೊತೆಗೆ ಒಂದು ಗುಂಪು, ಮಾಮೂಲಿ ಥರ ಇಬ್ಬರು ಡಾಕ್ಟ್ರು ಓದಿ ಒಂದು ಗುಂಪು ಅಂತ ಮಾಡಿ 2023ರಲ್ಲಿ ಮೊದಲ ರಿಪೋರ್ಟ್ ಕೊಟ್ರು, ಪತ್ತೆ ಆಗೋದು ಕಮ್ಮಿ ಆಗ್ಲಿಲ್ಲ, ಡಾಕ್ಟ್ರು ಓದೋ ಕೆಲ್ಸ ಮಾತ್ರ 44 ಪರ್ಸೆಂಟ್ ಇಳೀತು. ಆದ್ರೆ ಅದು ಒಳ್ಳೆ ಚಿತ್ರದ ಮೇಲೆ ಕೂತ ಎಐ. ಚಿತ್ರದಲ್ಲೇ ಇಲ್ಲದ್ದನ್ನ ಯಾವನು ಓದ್ತಾನೆ.

ಮನೆಮನೆ_ಅಕ್ಕ:

ನಾನು ಮಂಡ್ಯ ತಾಲೂಕಲ್ಲಿ ಆಶಾ ಕಾರ್ಯಕರ್ತೆ. ಹಳ್ಳಿಗೆ ಏನೂ ಬರಲ್ಲ ಅಂದ್ರಲ್ಲ ಅದಕ್ಕೆ ಬರೀತಿದೀನಿ. 30 ದಾಟಿದ ಎಲ್ರಿಗೂ ನಾವು ಸಿಬ್ಯಾಕ್ ಅಂತ ಒಂದು ಫಾರಂ ತುಂಬ್ತೀವಿ, ಅದರಲ್ಲೇ ಕೇಳೋದು, ಎದೇಲಿ ಗಂಟಿದ್ಯಾ, ತೊಟ್ಟಿಂದ ರಕ್ತದ ಥರ ಬರುತ್ತಾ, ಆಕಾರ ಏನಾದ್ರೂ ಬದಲಾಗಿದ್ಯಾ ಅಂತ. 2016ರ ಕೇಂದ್ರದ ಗೈಡ್‌ಲೈನ್ ಪ್ರಕಾರ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಂದ್ಸಲ ಟ್ರೈನಿಂಗ್ ಆದೋರು ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡ್ಬೇಕು. ಕ್ಯಾಮೆರಾನೂ ಬೇಡ ಕರೆಂಟೂ ಬೇಡ.

ಆದ್ರೆ ನಿಜ ಹೇಳ್ಬೇಕು ಅಂದ್ರೆ ಫಾರಮ್ಮಲ್ಲಿ ಅರ್ಧ ಜನ ಇಲ್ಲ ಇಲ್ಲ ಅಂತಲೇ ಹೇಳೋದು. ಅತ್ತೆ ಪಕ್ಕದಲ್ಲಿ ಕೂತಿರ್ತಾಳೆ, ಗಂಡ ಟಿವಿ ನೋಡ್ತಿರ್ತಾನೆ, ಅಲ್ಲಿ ಗಂಟಿದ್ಯಾ ಅಂತ ಕೇಳಿದ್ರೆ ಯಾರ್ ಹೇಳ್ತಾರೆ. ನಾನು ಈಗ ಬೋರ್‌ವೆಲ್ ಹತ್ರ, ಡೈರಿ ಹತ್ರ ಕೇಳ್ತೀನಿ. ಹಾಲು ಹಾಕಿ ವಾಪಸ್ ಹೋಗ್ತಾ ಮೆಲ್ಲಗೆ ಬಂದು 'ಅಕ್ಕ ಒಂದ್ ಮಾತು' ಅಂತಾರಲ್ಲ, ಅದೇ ನನ್ನ ಸ್ಕ್ರೀನಿಂಗು. ನಿಮ್ಮ ದೊಡ್ಡಮ್ಮನ ಊರಿನ ಆಶಾ ಯಾರು ಅಂತ ಕೇಳಿ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದ ಕಾರ್ಡ್ ಈಗಲೇ ಮಾಡಿಸಿಟ್ಕೊಳ್ಳಿ, ಆಮೇಲೆ ಓಡಾಡೋದು ತಪ್ಪುತ್ತೆ.

ಲೆಕ್ಕದ_ಮೇಷ್ಟ್ರು:

ಅಕ್ಕ ಹೇಳಿದ್ದಕ್ಕೆ ಪುರಾವೆ ನಮ್ಮ ದೇಶದ್ದೇ ಇದೆ. ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಶುರು ಮಾಡಿ 35ರಿಂದ 64 ವರ್ಷದ 1,51,538 ಹೆಂಗಸರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಮುಟ್ಟಿ ನೋಡೋದು. 2021ರಲ್ಲಿ ಇಪ್ಪತ್ತು ವರ್ಷದ ಫಲಿತಾಂಶ ಬಂತು. ಎಲ್ಲಾ ವಯಸ್ಸೂ ಸೇರಿಸಿದ್ರೆ ಸಾವು 15 ಪರ್ಸೆಂಟ್ ಕಮ್ಮಿ, ಆದ್ರೆ ಅದು ಆಕಸ್ಮಿಕ ಇರಬಹುದು ಅನ್ನೋ ಮಟ್ಟದ್ದು. 50 ದಾಟಿದವರಲ್ಲಿ ಹತ್ತಿರ ಹತ್ತಿರ 30 ಪರ್ಸೆಂಟ್ ಕಮ್ಮಿ, ಇದು ಗಟ್ಟಿ. ಬರೀ ಕೈ, ಮಷೀನ್ ಇಲ್ಲ. ದೊಡ್ಡಮ್ಮನ ವಯಸ್ಸು ಎಷ್ಟು ಅಂದೆ, 52 ಅಲ್ವಾ.

ಇನ್ನು ಹುಡುಗಾ ನಿನ್ನ ಎರಡನೇ ಪ್ರಶ್ನೆ ಬಾಕಿ ಇತ್ತು. ಟಾಪಿಕ್ ಬಿಡಬೇಡ, ಆದ್ರೆ ಬಿಸಿ ಬಿಟ್ಟು ಕರೆಂಟ್ ಕಡೆಗೂ ಕಣ್ಣು ಹಾಕು. ಚರ್ಮದ ಮೇಲೆ ಎಲೆಕ್ಟ್ರೋಡ್ ಇಟ್ಟು ಚೂರು ಕರೆಂಟ್ ಬಿಟ್ಟು ವೋಲ್ಟೇಜ್ ಅಳೆದು ಒಳಗಿನ ವಾಹಕತೆ ಕಂಡುಹಿಡಿಯೋದು. ಕ್ಯಾನ್ಸರ್ ಅಂಗಾಂಶದಲ್ಲಿ ಕರೆಂಟು ಸುತ್ತಲಿನ ಕೊಬ್ಬಿಗಿಂತ ಚೆನ್ನಾಗಿ ಹರಿಯುತ್ತೆ, ಅದೇ ಆಧಾರ. ಇದರ ಗಣಿತ ಕಾಲ್ಡೆರೋನ್ ಸಮಸ್ಯೆ, 1980ರ ಪೇಪರು, ಆತ ಅರ್ಜೆಂಟೀನಾದ ತೈಲ ಕಂಪನೀಲಿ ಎಂಜಿನಿಯರಾಗಿದ್ದಾಗಲೇ ನೆಲದ ಮೇಲೆ ಅಳೆದು ನೆಲದೊಳಗಿನದು ಹೇಳಬಹುದಾ ಅಂತ ತಲೆಗೆ ಹುಳ ಬಿಟ್ಕೊಂಡಿದ್ದ. ಬಿಸಿ ಥರ ಇಲ್ಲಿ ಒಂದೇ ಚಿತ್ರ ಅಲ್ಲ, ಬೇರೆ ಬೇರೆ ಥರ ಕರೆಂಟ್ ಬಿಟ್ಟು ಬೇರೆ ಬೇರೆ ಉತ್ತರ ತಗೋಬಹುದು. ಅದಕ್ಕೇ 1987ರಲ್ಲಿ ಸಿಲ್ವೆಸ್ಟರ್, ಉಲ್ಮನ್ ಇಬ್ಬರೂ ಮೂರು ಆಯಾಮದಲ್ಲಿ ನಯವಾದ ವಾಹಕತೆಗೆ ಉತ್ತರ ಒಂದೇ ಅಂತ ಸಾಧಿಸಿದ್ರು. ಖುಷಿ ಪಡಬೇಡ, 1988ರಲ್ಲಿ ಅಲೆಸ್ಸಾಂಡ್ರಿನಿ ತೋರಿಸಿದ ಸ್ಥಿರತೆ ಬರೀ ಲಾಗರಿದಮ್ಮಿನದು, ಉತ್ತರದಲ್ಲಿ ಇನ್ನೊಂದು ಅಂಕಿ ಬೇಕು ಅಂದ್ರೆ ಅಳತೆ ಎಷ್ಟೋ ಪಟ್ಟು ಶುದ್ಧ ಆಗಬೇಕು.

ಡೇಟಾ ಬೇಕು ಅಂದ್ಯಲ್ಲ, ತೆಗೆದ ಸ್ತನ ಅಂಗಾಂಶದ 106 ತುಣುಕುಗಳ ಇಂಪೀಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) ಅಳತೆ ಯುಸಿಐ ರೆಪೊಸಿಟರಿ ಅನ್ನೋ ಆನ್‌ಲೈನ್ ಡೇಟಾ ಭಂಡಾರದಲ್ಲಿ ಪುಕ್ಕಟೆ ಸಿಗುತ್ತೆ, ಆರು ಗುಂಪು ಮಾಡಿದಾರೆ. ಅದರಿಂದ ಶುರು ಮಾಡು. ಆದ್ರೆ ಒಂದು ಶರತ್ತು, ಸಿಮ್ಯುಲೇಶನ್ನಲ್ಲಿ ಯಾವ ಮೆಶ್ (ಲೆಕ್ಕಕ್ಕೆ ಹಾಕೋ ಚೌಕಳಿ ಬಲೆ) ಮೇಲೆ ಡೇಟಾ ಹುಟ್ಟಿಸ್ತೀಯೋ ಅದೇ ಮೆಶ್ ಮೇಲೆ ವಾಪಸ್ ಬಿಡಿಸಿ ಚಿತ್ರ ಚೆನ್ನಾಗಿ ಬಂತು ಅಂತ ಪೇಪರ್ ಬರೀಬೇಡ. ನಾನು ಓದಿದ ಎಷ್ಟೋ ಥೀಸಿಸ್ಸಲ್ಲಿ ಅದೇ ಕಳ್ಳಾಟ, ಪ್ರಶ್ನೆಪತ್ರಿಕೆ ತೆಗೆದೋನೇ ಪರೀಕ್ಷೆ ಬರೆದ ಹಂಗೆ.

ಹೆಬ್ಬಾಳ_ಟೆಕ್ಕಿ:

ಸರಿ ಸಾರ್, 99.5 ಓದಿ ನಗು ಬಂತು, ಆ ಬ್ರೋಷರ್ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದು ನಾನೇ, ಡಿಲೀಟ್ ಮಾಡ್ದೆ. ನಮ್ಮಮ್ಮಂಗೆ 47, ಒಂದ್ಸಲವೂ ತೋರಿಸಿಲ್ಲ. ಕೇಳ್ತೀನಿ, ಹೆಂಗೆ ಕೇಳೋದು ಅಂತಾನೇ ಗೊತ್ತಾಗ್ತಿಲ್ಲ.

ಮನೆಮನೆ_ಅಕ್ಕ:

ನೀವ್ ಕೇಳ್ಬೇಡಿ ತಮ್ಮಾ. ನಿಮ್ಮ ಅಕ್ಕನೋ ಚಿಕ್ಕಮ್ಮನೋ ಇದ್ರೆ ಅವರ ಕೈಲಿ ಕೇಳ್ಸಿ. ನೀವು ಗಾಡಿ ತೆಗೆದ್ರೆ ಸಾಕು.

ಬದುಮೇಲಿನ_ಹುಡ್ಗ:

ಹತ್ತು ದಿನ ಆಯ್ತು ಬರೆಯಕ್ಕೇ ಆಗಿರ್ಲಿಲ್ಲ, ಕ್ಷಮಿಸಿ.

ದೊಡ್ಡಮ್ಮನ್ನ ಮೈಸೂರಿಗೆ ಕರ್ಕೊಂಡು ಬಂದ್ವಿ. ಮೊದಲು ಬರಲ್ಲ ಅಂತ ಹಟ, ನಾರ್ಮಲ್ ಅಂತ ಬರ್ದಿಲ್ವಾ, ಓದಿರೋನು ನೀನು ಓದಕ್ಕೆ ಬರಲ್ವಾ ಅಂತ ನಂಗೇ ಬೈದ್ರು. ಆಮೇಲೆ ಕಬ್ಬಿನಗದ್ದೆ ಅಣ್ಣನ ಮುದ್ದೆ ಮಾತು ಹೇಳ್ದೆ. ಸುಮ್ನೆ ಕೂತಿದ್ದು ಒಂದು ನಿಮಿಷ ಬಿಟ್ಟು ಸೀರೆ ಬದಲಾಯಿಸ್ಕೊಂಡು ಬಂದ್ರು. ಲೇಡಿ ಡಾಕ್ಟ್ರು ಮುಟ್ಟಿ ನೋಡಿದ್ರು, ಅವತ್ತೇ ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಎರಡೂ ಆಯ್ತು. ಟೆಕ್ನಿಷಿಯನ್ ಅಕ್ಕ, ನೀವು ಹೇಳಿದ ಪೌಡರ್ ವಿಷಯ ಬಸ್ಸಲ್ಲಿ ನೆನಪಾಗಿ ಆಸ್ಪತ್ರೆ ನಲ್ಲೀಲಿ ತೊಳ್ಕೊಳ್ಳೋ ಹಂಗಾಯ್ತು.

ಗಂಟು ಇರೋದು ಚರ್ಮದಿಂದ ಎರಡು ಸೆಂಟಿಮೀಟರ್ ಒಳಗೆ, ಗಾತ್ರ 14 ಮಿಲಿಮೀಟರ್ ಅಂತ ಬರ್ದಿದಾರೆ. ರೂಮಿಗೆ ಬಂದು ಮೇಷ್ಟ್ರ ಲೆಕ್ಕ ಹಾಕಿದೆ, ಒಂದು ಸೆಂಟಿಮೀಟರ್ ಅಲೆ ಎರಡು ಸೆಂಟಿಮೀಟರ್ ಆಳ ಅಂದ್ರೆ ಸುಮಾರು ಮೂರು ಲಕ್ಷದಲ್ಲಿ ಒಂದು ಭಾಗ. ಹಾಕ್ಬಾರ್ದಿತ್ತು ಅನ್ಸುತ್ತೆ, ಹಾಕದೇ ಇರಕ್ಕೂ ಆಗ್ಲಿಲ್ಲ.

ಬೈ-ರಾಡ್ಸ್ 4 ಬಂದಿದೆ. ಮೊನ್ನೆ ಸೂಜಿ ಹಾಕಿ ಬಯಾಪ್ಸಿ ತೆಗೆದ್ರು. 4 ಅಂದ್ರೆ ಕ್ಯಾನ್ಸರ್ ಅಂತಲೇ ಅಲ್ಲ ಅನ್ನೋ ಅಕ್ಕನ ಸಾಲನ್ನ ಅಮ್ಮಂಗೆ ಮೂರ್ ಸಲ ಓದಿ ಹೇಳಿದೀನಿ. ರಿಪೋರ್ಟ್ ಗುರುವಾರ. ದೊಡ್ಡಮ್ಮನೇ ಎಲ್ರಿಗಿಂತ ಧೈರ್ಯವಾಗಿದಾರೆ, ನಿನ್ ಗಡಿ ಕೇಸು ಎಲ್ಲಿಗ್ ಬಂತೋ ಅಂತ ನಿನ್ನೆ ನಗ್ತಾ ಕೇಳಿದ್ರು.

ಫಿಲ್ಮ್_ತೊಳೆದೋಳು:

ಗುರುವಾರ ಹೋಗುವಾಗ ಫಿಲ್ಮು, ಸಿಡಿ, ಸ್ಕ್ಯಾನ್ ರಿಪೋರ್ಟ್ ಎಲ್ಲಾ ಒಂದೇ ಕವರಲ್ಲಿ ಹಾಕ್ಕೊಂಡು ಹೋಗಿ, ಬಯಾಪ್ಸಿ ಒಂದನ್ನೇ ಹಿಡ್ಕೊಂಡು ಹೋಗ್ಬೇಡಿ. ಡಾಕ್ಟ್ರು ಎಲ್ಲಾ ಒಟ್ಟಿಗೆ ಇಟ್ಟು ನೋಡ್ಬೇಕು.

ಕಬ್ಬಿನಗದ್ದೆ:

ಗುರುವಾರ ನಂಗೂ ಮೈಸೂರಲ್ಲಿ ಟ್ರ್ಯಾಕ್ಟರ್ ಸಾಮಾನು ತರೋ ಕೆಲ್ಸ ಐತೆ. ಊರ್ ಎಸ್ರು ಮೆಸೇಜ್ ಆಕು, ಬೆಳಗ್ಗೆ ಏಳಕ್ಕೆ ಕಾರ್ ತತ್ತೀನಿ. ದೊಡ್ಡವ್ವನ್ನ ಬಸ್ಸಲ್ಲಿ ನಿಲ್ಸ್ಕೊಂಡ್ ಓಗ್ಬ್ಯಾಡ.